ಕಾರ್ಡಿನಲ್ಲಿ ‘ಹೌದು’ ಅಂತ ಗುರುತು ಹಾಕ್ರಿ

ಮಗಳ ಬಾಣಂತನಕ್ಕೆ, ಮೊಮ್ಮಗನ ಜವಳಕ್ಕೆ ಅಂತ ಕಲಬುರಗಿ ಕಡೆಯಿಂದ ಆಸ್ಟ್ರೇಲಿಯಾಕ್ಕೆ ಹೊರಡುವ ಅವ್ವ-ಅಪ್ಪಂದಿರಿಗಾಗಿ, ಅವರ ಬ್ಯಾಗು ಕಟ್ಟಿಕೊಡುವ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಳಂದ ತಾಲೂಕಿನ ತೊಗರಿ ಬೆಳೆಗಾರನ ಮಗಳು. ಈಗ ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಆಸ್ಟ್ರೇಲಿಯನ್ ಬಾರ್ಡರ್ ಫೋರ್ಸ್ ಅಧಿಕಾರಿ. ಕಸ್ಟಮ್ಸ್ ಕೆಲಸವನ್ನೂ ವಲಸೆ ಇಲಾಖೆಯ ಗಡಿ ಕೆಲಸವನ್ನೂ ಕೂಡಿಸಿ 2015ರ ಜುಲೈ 1ರಂದು ಕಟ್ಟಿದ ಪಡೆ ಇದು. ಅಪ್ಪ ಇವತ್ತಿಗೂ ಊರವರಿಗೆ "ನಮ್ಮಾಕಿ ಅಲ್ಲಿ ಪೊಲೀಸ್ ಆಗ್ಯಾಳ" ಅಂತಲೇ ಹೇಳುತ್ತಾನೆ. ನಾನು ತಿದ್ದುವುದಿಲ್ಲ.

ಕೆಲಸ ಏನು ಅಂತ ಕೇಳುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್ ನೋಡುವುದನ್ನು ಈಗ ಬಹುಪಾಲು ಸ್ಮಾರ್ಟ್‌ಗೇಟ್ ಯಂತ್ರಗಳೇ ಮಾಡುತ್ತವೆ; ಕಾಗದಪತ್ರದಲ್ಲಿ ಮಾತಾಡಬೇಕಾದ್ದು ಇದ್ದವರು ನಮ್ಮ ಕಡೆ ಬರುತ್ತಾರೆ. ಮುಂದೆ ಬ್ಯಾಗಿನ ಹಾಲ್‌ನಲ್ಲಿ ಸಿಗರೇಟು, ನಗದು, ಮಾತ್ರೆ, ಆಯುಧ, ಮಾದಕ ವಸ್ತು ನಮ್ಮ ಪಾಲಿನವು. ತಿನ್ನುವ ಪದಾರ್ಥ, ಬೀಜ, ಮಣ್ಣು ನೋಡುವವರು ಜೈವಿಕ ಸುರಕ್ಷತೆಯ ಅಧಿಕಾರಿಗಳು. ಅವರ ಇಲಾಖೆ ಬೇರೆ, ಆದರೆ ನಿಲ್ಲುವುದು ಒಂದೇ ಹಾಲ್‌ನಲ್ಲಿ. ಯಾವ ಬ್ಯಾಗನ್ನು ಯಾಕೆ ತಡೆಯುತ್ತೇವೆ ಅನ್ನುವುದನ್ನು ನಾನು ಎಲ್ಲಿಯೂ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ಇಂಗ್ಲಿಷ್ ಬಾರದವರು ಬಂದಾಗ ನಿಯಮದ ಮಾತಿಗೆ ಸರ್ಕಾರದ ದುಭಾಷಿ ಸೇವೆ ಇದೆ. 131 450ಕ್ಕೆ ಫೋನ್ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಸಿಗುತ್ತಾರೆ. ಆದರೆ ಆ ಫೋನ್ ಸೇರುವ ಮೊದಲು "ಅವ್ವಾ, ಹೆದರಬ್ಯಾಡ್ರಿ, ಇಲ್ಲಿ ಕೂಡ್ರಿ" ಅನ್ನುವ ಒಂದು ದನಿ ಬೇಕಾಗುತ್ತದೆ. ಕನ್ನಡ, ತೆಲುಗು, ನಮ್ಮ ಕಡೆಯ ಉರ್ದು ಮೂರೂ ಬರುವುದರಿಂದ ಎಷ್ಟೋ ಸಲ ನನ್ನನ್ನೇ ಕರೆಯುತ್ತಾರೆ.

ಹೀಗೆ ಕರೆಸಿಕೊಂಡು ಹೋದಾಗ ಒಬ್ಬ ಅವ್ವ ಸಿಕ್ಕರು. ಯಾವಾಗ, ಯಾವ ಊರಿನವರು ಅಂತ ಹೇಳುವುದಿಲ್ಲ. ಇಳಕಲ್ ಸೀರೆ, ಹೆಗಲಿಗೆ ಶಾಲು. ಕೈಯಲ್ಲಿ ಕಿತ್ತಳೆ ಬಣ್ಣದ ಪ್ರಯಾಣಿಕರ ಕಾರ್ಡು; ಆಸ್ಟ್ರೇಲಿಯಾಕ್ಕೆ ಬರುವವರು ಏನೇನು ತಂದಿದ್ದಾರೆ ಅಂತ ‘ಹೌದು’, ‘ಇಲ್ಲ’ ಗುರುತು ಹಾಕಿ ತಿಳಿಸುವ ಕಾರ್ಡು ಅದು. ಅದನ್ನು ವಿಮಾನದಲ್ಲಿ ಪಕ್ಕದ ಸೀಟಿನ ಹುಡುಗ ತುಂಬಿಕೊಟ್ಟಿದ್ದ, ಎಲ್ಲ ಪ್ರಶ್ನೆಗೂ ‘ಇಲ್ಲ’ ಅಂತ. ಬೇಗ ಹೊರಗೆ ಹೋಗಲಿ ಅನ್ನುವ ಒಳ್ಳೆ ಮನಸ್ಸಿನಿಂದಲೇ ತುಂಬಿರಬೇಕು. ಆದರೆ ಕೆಳಗಿನ ಸಹಿ ಅವ್ವನದು. ಸಹಿ ಯಾರದೋ ಹೊಣೆ ಅವರದೇ.

"ಅವ್ವಾ, ತಿನ್ನೋದೇನರ ತಂದೀರೇನ್ರಿ?" ಅಂದೆ.

"ತಂದೀನಲ್ಲ ತಾಯಿ. ಬಾಣಂತಿ ಮಗಳ ಮನಿಗಿ ಖಾಲಿ ಕೈಲೆ ಹ್ಯಾಂಗ ಬರ್ಲಿ?"

ಬ್ಯಾಗು ತೆರೆಯುವ ಮೊದಲೇ ಒಂದೊಂದಾಗಿ ಹೇಳುತ್ತ ಹೋದರು. ಖಡಕ್ ರೊಟ್ಟಿ, ಅಂಟಿನ ಉಂಡಿ, ಅಳ್ವಿ, ಅಜವಾನ, ಹೊಲದ ತೊಗರಿ ಬ್ಯಾಳಿ. ಬ್ಯಾಳಿಗೆ ಔಡಲೆಣ್ಣೆ ಸವರಿ, ಹುಳ ಹತ್ತದಿರಲಿ ಅಂತ ಬೇವಿನ ಎಲೆ ಹಾಕಿದ್ದರು. ಜೈವಿಕ ಸುರಕ್ಷತೆಯ ಅಧಿಕಾರಿ ಕಾರ್ಡಿನ ಉತ್ತರ ತಿದ್ದಿಸಿದರು, ರೊಟ್ಟಿ ನೋಡಿ ಬಿಟ್ಟರು, ಬ್ಯಾಳಿ ಮತ್ತು ಅಳ್ವಿಯನ್ನು ತೆಗೆದಿಟ್ಟರು. ಒಂದು ಡಾಲರ್ ದಂಡವೂ ಬೀಳಲಿಲ್ಲ, ಯಾಕೆಂದರೆ ಕೇಳಿದ ತಕ್ಷಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು.

ಆದರೂ ಅವ್ವನ ಮುಖ ಸಣ್ಣದಾಯಿತು. "ನಮ್ಮ ಬ್ಯಾಳ್ಯಾಗ ಹುಳ ಅದ ಅಂತಾರೇನವ್ವ? ನಾನೇ ಕೇರಿ ಆರಿಸೀನಿ" ಅಂದರು. ಆ ಮಾತು ನನಗೆ ಬಹಳ ನಾಟಿತು. ವರ್ಷವಿಡೀ ಮನೆಮಂದಿ ದುಡಿದು ಬೆಳೆದ ಕಾಳನ್ನು ಕೈಗವಸು ತೊಟ್ಟವರೊಬ್ಬರು ಚೀಲಕ್ಕೆ ಹಾಕಿ ಮುಚ್ಚಿದರೆ, ನಮ್ಮ ಮನೆತನಕ್ಕೇ ಏನೋ ಅಂದಂತೆ ಆಗುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗ ಅಪ್ಪ ಪೇಪರಿನ ಆ ತುಣುಕನ್ನು ಕತ್ತರಿಸಿಟ್ಟಿದ್ದ. ಅಂಥ ಬ್ಯಾಳಿಯನ್ನು ತಡೆಯುವ ಕಡೆ ಮಗಳು ನಿಂತಿದ್ದಾಳೆ. ಅದಕ್ಕೇ ಕಾರಣವನ್ನು ಪೂರ್ತಿ ಹೇಳಬೇಕು ಅನ್ನಿಸಿದೆ.

ಕಾರಣ ಖಾಪ್ರಾ ಅನ್ನುವ ಜೀರುಂಡೆ. ಬೆಳೆದರೂ ಎರಡು-ಮೂರು ಮಿಲಿಮೀಟರ್ ದಾಟದು. ಭಾರತದ ಕಡೆಯದೇ ಹುಳ. ಬಿಸಿಲು, ಒಣ ಹವೆ, ಕೂಡಿಟ್ಟ ಕಾಳು ಅಂದರೆ ಅದಕ್ಕೆ ಪ್ರಾಣ. ಹಾನಿ ಮಾಡುವುದು ಅದರ ಮರಿ. ಮೈತುಂಬ ರೋಮ, ಆ ರೋಮ ಉದುರಿ ಕಾಳಿನಲ್ಲಿ ಬೆರೆತರೆ ಕಾಳು ತಿನ್ನಲು ಬರುವುದಿಲ್ಲ. ಗೋಡೆಯ ಬಿರುಕಿನಲ್ಲಿ, ಚೀಲದ ಹೊಲಿಗೆಯಲ್ಲಿ, ಡಬ್ಬಿಯ ಮಡಿಕೆಯಲ್ಲಿ ಸೇರಿಕೊಂಡು ಕೂಳಿಲ್ಲದೆ ವರ್ಷಗಟ್ಟಲೆ ಬದುಕುತ್ತದೆ. ಎಷ್ಟೋ ಔಷಧಿಗೆ ಜಗ್ಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1953ರಲ್ಲಿ ಕಂಡ ಈ ಹುಳವನ್ನು ಪೂರ್ತಿ ಅಳಿಸಲು 1966ರವರೆಗೆ ಹೆಣಗಿದರು. 2007ರಲ್ಲಿ ಪರ್ತ್ ನಗರದ ಒಂದು ಮನೆಗೆ ಬಂದ ಸಾಮಾನಿನಲ್ಲಿ ಸಿಕ್ಕಿತು. ಇಡೀ ಮನೆಗೆ ಹೊದಿಕೆ ಹಾಕಿ ವಿಷಾನಿಲ ಬಿಡಬೇಕಾಯಿತು. ಆ ಸಾಮಾನು ಬಂದದ್ದು ಸ್ಕಾಟ್ಲೆಂಡಿನಿಂದ. ಹಾಗಾಗಿ ಇದು ಬರೀ ನಮ್ಮ ದೇಶದವರ ಮೇಲಿನ ಅನುಮಾನ ಅಲ್ಲ. 2020ರಿಂದ ತೊಗರಿ, ಕಡಲೆ, ಹೆಸರು, ಅಲಸಂದಿ, ಅಕ್ಕಿ, ಗೋಧಿ, ಶೇಂಗಾ, ಕುಸುಬಿ, ಕೊತ್ತಂಬರಿ ಬೀಜ, ಜೀರಿಗೆ, ಒಣ ಮೆಣಸಿನಕಾಯಿ ಇವನ್ನು ಪ್ರಯಾಣಿಕರು ಯಾವ ದೇಶದಿಂದ ತಂದರೂ ಬಿಡುವುದಿಲ್ಲ. ಅಂಚೆಯಲ್ಲಿ ಕಳಿಸಿದರೂ ಅಷ್ಟೆ.

ಪಟ್ಟಿ ಓದಿದರೆ ನಮ್ಮ ಅಡುಗೆಮನೆಯೇ ಕಣ್ಣ ಮುಂದೆ ಬರುತ್ತದೆ. ಆದರೆ ವಿಕ್ಟೋರಿಯಾ ರಾಜ್ಯದ ವಿಮ್ಮೆರಾ ಸೀಮೆಯಲ್ಲಿ ಮಸೂರ ಬೆಳೆಯುವ ರೈತರನ್ನು ನಾನು ನೋಡಿದ್ದೇನೆ. ಮಳೆ ನಂಬಿ ಬಿತ್ತುತ್ತಾರೆ, ಧಾರಣೆ ಬಿದ್ದರೆ ನಮ್ಮ ಗಂಜ್‌ನಲ್ಲಿ ಅಪ್ಪ ನಿಂತ ಹಾಗೆಯೇ ನಿಲ್ಲುತ್ತಾರೆ. ಅವರ ಬೇಳೆಕಾಳು ಹಡಗು ಹತ್ತಿ ನಮ್ಮ ದೇಶಕ್ಕೂ ಬರುತ್ತದೆ. ಖಾಪ್ರಾ ಅಲ್ಲಿ ನೆಲೆ ಊರಿತು ಅಂದರೆ ಕೊಳ್ಳುವ ದೇಶಗಳು ಬಾಗಿಲು ಹಾಕುತ್ತವೆ. ರೈತನ ಮಗಳಾಗಿ ಇಷ್ಟು ತಿಳಿದ ಮೇಲೆ ಆ ತಪಾಸಣೆ ನನಗೆ ಅವಮಾನ ಅನ್ನಿಸುವುದಿಲ್ಲ. ಆ ಅವ್ವನಿಗೂ ಇದನ್ನೇ ಹೇಳಿದೆ. ಒಂದು ಗಳಿಗೆ ಯೋಚಿಸಿ, "ಹಂಗಂದ್ರ ಇಟ್ಕೋರಿ. ಅವರೂ ಒಕ್ಕಲುತನದವರೇ ಅಲ್ಲೇನು?" ಅಂದರು.

ಕಾರ್ಡಿನಲ್ಲಿ ಇನ್ನೊಂದು ಪ್ರಶ್ನೆಯನ್ನು ನಮ್ಮವರು ಓದದೆ ದಾಟಿಸುತ್ತಾರೆ: ಕಳೆದ 30 ದಿನಗಳಲ್ಲಿ ಹೊಲ, ದನಕರುಗಳ ಸಂಪರ್ಕಕ್ಕೆ ಬಂದಿದ್ದೀರಾ? ಹಿತ್ತಲಲ್ಲೇ ಎಮ್ಮೆ ಕಟ್ಟಿದ ಮನೆಯವರು ಇದಕ್ಕೆ ‘ಹೌದು’ ಅನ್ನಲೇಬೇಕು. ಕಾಲುಬಾಯಿ ಬ್ಯಾನಿ ಬಂದರೆ ದನ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ ಅದು 1872ರ ನಂತರ ಬಂದಿಲ್ಲ. 2022ರಲ್ಲಿ ಪಕ್ಕದ ಇಂಡೋನೇಷ್ಯಾದಲ್ಲಿ ಕಾಣಿಸಿಕೊಂಡಾಗ ವಿಮಾನ ನಿಲ್ದಾಣಗಳಲ್ಲಿ ಕಾಲೊರೆಸುವ ಔಷಧಿ ಚಾಪೆ ಹಾಸಿದರು. ಹೊಲಕ್ಕೆ ಹಾಕುವ ಚಪ್ಪಲಿ ಊರಲ್ಲೇ ಬಿಡಿ. ಬೂಟಿಗೆ ಸಗಣಿ, ಮಣ್ಣು ಮೆತ್ತಿದ್ದರೆ ತೊಳೆದು ಒಣಗಿಸಿ ತನ್ನಿ.

ನನ್ನ ಮೇಜಿನ ಸಂಗತಿಗಳೂ ಇವೆ. 10,000 ಆಸ್ಟ್ರೇಲಿಯನ್ ಡಾಲರ್ ಅಥವಾ ಹೆಚ್ಚಿನ ನಗದು ಇದ್ದರೆ ತಿಳಿಸಬೇಕು. ತರಬಾರದು ಅಂತ ಇಲ್ಲ, ತಿಳಿಸಿದರೆ ತೆರಿಗೆಯೂ ಇಲ್ಲ. ಬಚ್ಚಿಟ್ಟರೆ ಮಾತ್ರ ಅದು ಅಪರಾಧ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನಿಮಗೆ ಬೇಕಾದಷ್ಟನ್ನು ಮೂರು ತಿಂಗಳ ಮಟ್ಟಿಗೆ ತರಬಹುದು, ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆ ಅದು ಬಂದ ಪೊಟ್ಟಣದಲ್ಲೇ ಇರಲಿ. ಸಿಗರೇಟು 25, ಜೊತೆಗೆ ಒಡೆದ ಒಂದು ಪ್ಯಾಕು, ಅಷ್ಟೆ. ಅಲ್ಲಿನ ತಂಬಾಕು ತೆರಿಗೆ ಬಹಳ ಕಠಿಣ, ನೆಂಟರಿಗೆ ಅಂತ ಕಾರ್ಟನ್ ಹೊತ್ತು ಬರಬೇಡಿ.

‘ಹೌದು’ ಅಂದರೆ ತಡವಾಗುತ್ತದೆ, ಹಿಡಿಯುತ್ತಾರೆ ಅನ್ನುವ ಭಯವೇ ನಮ್ಮವರಿಗೆ ಮುಳುವಾಗಿರುವುದು. ಕಾರ್ಡಿನಲ್ಲಿ ಹೇಳಿಕೊಂಡ ತಿನ್ನುವ ಪದಾರ್ಥ, ಬೀಜ ಒಳಗೆ ಬಿಡಲಾಗದ್ದೇ ಆದರೂ ಅದಕ್ಕೆ ದಂಡ ಇಲ್ಲ. ವಸ್ತು ಮಾತ್ರ ಹೋಗುತ್ತದೆ. ಮುಚ್ಚಿಟ್ಟು ಸಿಕ್ಕರೆ ದಂಡ ಸಾವಿರಾರು ಡಾಲರ್‌ವರೆಗೂ ಹೋಗಬಹುದು, ಮತ್ತು 2019ರಿಂದ ಪ್ರವಾಸಿ ವೀಸಾವನ್ನೇ ಅಲ್ಲಿಯೇ ರದ್ದು ಮಾಡುವ ಅಧಿಕಾರವೂ ಇದೆ. 2021ರಿಂದ ವಿದ್ಯಾರ್ಥಿ ವೀಸಾಕ್ಕೂ ಅದು ಅನ್ವಯ. ಹೊರಗೆ ಮಗಳು ಕೂಸು ಎತ್ತಿಕೊಂಡು ಕಾಯುತ್ತಿರುವಾಗ ಅವ್ವ ಮುಂದಿನ ವಿಮಾನಕ್ಕೆ ವಾಪಸ್ ಹೋಗುವುದನ್ನು ನಾನು ನೋಡಲಾರೆ.

ಈ ನೌಕರಿ ಹೇಗೆ ಸಿಗುತ್ತದೆ ಅಂತ ಕೇಳುವ ನಮ್ಮ ಹುಡುಗರಿಗೂ ಒಂದು ಮಾತು. ಮೊದಲು ಆಸ್ಟ್ರೇಲಿಯಾದ ಪೌರತ್ವ ಬೇಕು; ಅದಕ್ಕೆ ಸಾಮಾನ್ಯವಾಗಿ ನಾಲ್ಕು ವರ್ಷದ ಕಾನೂನುಬದ್ಧ ವಾಸ ಆಗಿರಬೇಕು, ಕೊನೆಯ ಒಂದು ವರ್ಷ ಕಾಯಂ ನಿವಾಸಿ ಆಗಿರಬೇಕು. ಆಮೇಲೆ ವೈದ್ಯಕೀಯ ಪರೀಕ್ಷೆ, ಹಿನ್ನೆಲೆ ತನಿಖೆ, ತರಬೇತಿ. ಭಾರತದಿಂದ ನೇರವಾಗಿ ಯಾರನ್ನೂ ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ‘ಆಸ್ಟ್ರೇಲಿಯಾ ಕಸ್ಟಮ್ಸ್‌ನಲ್ಲಿ ಕೆಲಸ, ವೀಸಾ ಸಮೇತ’ ಅಂತ ಹೇಳಿ ದುಡ್ಡು ಕೇಳುವವರು ಸುಳ್ಳು ಹೇಳುತ್ತಿದ್ದಾರೆ. ಹೊಲ ಮಾರಿ, ಒತ್ತೆ ಇಟ್ಟು ಅವರ ಕೈಗೆ ಹಣ ಹಾಕಬೇಡಿ. ಕೊಟ್ಟುಬಿಟ್ಟಿದ್ದರೆ ನಾಚಿಕೊಳ್ಳದೆ ಇವತ್ತೇ ಭಾರತದ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ರಜೆಗೆ ಊರಿಗೆ ಬಂದಿದ್ದೇನೆ, ಅದು ಮುಗಿಯುವ ಮೊದಲು ಚಿಗವ್ವನ ಬ್ಯಾಗು ಕಟ್ಟಿಕೊಡಬೇಕು, ಬರುವ ತಿಂಗಳು ಸಿಡ್ನಿಗೆ ಹೊರಟಿದ್ದಾಳೆ. ತೊಗರಿ ಬ್ಯಾಳಿ ಬೇಡ ಅಂದಿದ್ದೇನೆ. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಬ್ಯಾಳಿ ಸಿಗುತ್ತದೆ. ರೊಟ್ಟಿ ಇರಲಿ ಅಂದಿದ್ದೇನೆ. ಕಾರ್ಡಿನ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡಕ್ಕೆ ಬರೆದು ಒಂದು ಹಾಳೆ ಮಾಡಿದ್ದೇನೆ. ಬ್ಯಾಗಿನಲ್ಲಿ ಇರುವ ಪ್ರತಿ ತಿಂಡಿಯ ಹೆಸರನ್ನು ಅದರ ಹಿಂದೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ನೀವೂ ನಿಮ್ಮ ಅವ್ವನಿಗೆ ಇಷ್ಟು ಮಾಡಿಕೊಡಿ. ಬ್ಯಾಗು ಕಟ್ಟಿದವರೇ ಬರೆಯಬೇಕು, ಯಾವ ಡಬ್ಬಿಯಲ್ಲಿ ಏನಿದೆ ಅಂತ ಅವರಿಗೇ ಗೊತ್ತಿರುವುದು.