ಎಳ್ಳು, ಬೆಲ್ಲ ಮತ್ತು ಒಂದೇ ಚಕ್ರ

ನವೆಂಬರ್ 20, 2024, ಬುಧವಾರ, ರಾತ್ರಿ

ಮತ್ತೆ ಶುರುವಾಯಿತು. ಹಾಲ್‌ನ ಮೂಲೆಯಲ್ಲಿರುವ ಹ್ಯಾಮ್‌ಸ್ಟರ್ ಪಂಜರದಿಂದ ಚೀಂ ಚೀಂ. ಇಲಿಯಂಥ ಪುಟ್ಟ ಪ್ರಾಣಿಗಳು, ಎರಡಿವೆ. "ನೋಡೇ, ಕಚ್ಚಾಡ್ಕೊಂಡು ಸಾಯ್ತಾವೆ" ಅಂತ ಅತ್ತೆ ಒಳಗಿನಿಂದಲೇ ಕೂಗಿದರು.

ಹೋಗಿ ನೋಡಿದರೆ ಬೆಲ್ಲ ಅಂಗಾತ ಬಿದ್ದಿದ್ದಾಳೆ, ನಾಲ್ಕೂ ಕಾಲು ಮೇಲೆ. ಎಳ್ಳು ಅವಳ ಹೊಟ್ಟೆ ಮೂಸಿದಳು. ಆಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಪಂಜರದೊಳಗಿನ ಓಟದ ಚಕ್ರ ಹತ್ತಿ ಓಡತೊಡಗಿದಳು. ಬೆಲ್ಲ ಎದ್ದು ಮೂತಿ ಒರೆಸಿಕೊಂಡು ಬೀಜ ಹುಡುಕಲು ಹೋದಳು. ಅಷ್ಟೇ ಜಗಳ.

ಮೂರನೇ ಮಹಡಿಯವರು ಪುಣೆಗೆ ಹೋಗುವಾಗ ಪಂಜರದ ಸಮೇತ ಕೊಟ್ಟು ಹೋದ ಹ್ಯಾಮ್‌ಸ್ಟರ್‌ಗಳು ಇವು. ಅಕ್ಕತಂಗಿಯರಂತೆ. ಹೆಸರಿಟ್ಟಿದ್ದು ಮಗಳು ಸಿಂಚು. ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಅನ್ನುವ ಹಬ್ಬಕ್ಕೆ ಇನ್ನೂ ಸುಮಾರು ಎರಡು ತಿಂಗಳಿದೆ. ಅಷ್ಟರೊಳಗೆ ಇವರಿಬ್ಬರಿಗೆ ಒಳ್ಳೆ ಮಾತು ಬರುವ ಲಕ್ಷಣ ಕಾಣುತ್ತಿಲ್ಲ.

ಸಂಜೆ ಮೈಸೂರಿನ ರೇಖಾಗೆ ಫೋನ್ ಮಾಡಿದ್ದೆ. ಗೊತ್ತಲ್ಲ, ಅವಳ ಮನೆಯಲ್ಲಿ ಮನುಷ್ಯರಿಗಿಂತ ಪ್ರಾಣಿಗಳೇ ಜಾಸ್ತಿ. ನಾನು ಕಥೆ ಶುರು ಮಾಡುವ ಮೊದಲೇ ಪ್ರಶ್ನೆ ಕೇಳತೊಡಗಿದಳು.

"ರಕ್ತ ಬಂದಿದೆಯಾ?"

ಇಲ್ಲ.

"ಕೂದಲು ಸರಿಸಿ ನೋಡು. ಕಿವಿ, ಹೊಟ್ಟೆ, ಹಿಂಭಾಗ. ಇಷ್ಟು ಚಿಕ್ಕ ಪ್ರಾಣಿಗೆ ಗಾಯ ಆದ್ರೆ ಬೇಗ ಕಾಣಲ್ಲ."

ನೋಡಿದ್ದೇನೆ, ಏನೂ ಇಲ್ಲ.

"ಹಗಲು ಎಲ್ಲಿ ಮಲಗ್ತಾವೆ?"

ಒಂದೇ ಗೂಡಲ್ಲಿ, ಒಂದರ ಮೇಲೊಂದು.

"ಹಾಗಿದ್ರೆ ಸದ್ಯಕ್ಕೆ ಸುಮ್ನಿರು. ಕಿರುಚೋಳು ನಾನು ಸೋತೆ ಅಂತ ಹೇಳ್ತಿದಾಳೆ. ಇನ್ನೊಬ್ಬಳು ಅದನ್ನ ಕೇಳಿಸ್ಕೊಂಡು ಬಿಡ್ತಾಳಾ, ಇಲ್ಲಾ ಬೆನ್ನು ಹತ್ತಿ ಕಚ್ತಾಳಾ, ಅದನ್ನ ನೋಡು."

ಬಿಡುತ್ತಾಳೆ. ಇವತ್ತೂ ಬಿಟ್ಟಳು. ಇಬ್ಬರೂ ಉಂಡೆಯಾಗಿ ಅಂಟಿಕೊಂಡು ಉರುಳಿದರೆ ಮಾತ್ರ ಅದು ನಿಜವಾದ ಹೊಡೆದಾಟವಂತೆ. ಆಗ ಕೈ ಹಾಕಬಾರದು, ಮಧ್ಯೆ ಒಂದು ರಟ್ಟು ತೂರಿಸಬೇಕು.

ಇನ್ನೊಂದು ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ಮೇಲಿನವರು ಪಾಪ, ಕೊಡುವ ಮೊದಲು ಪಂಜರವನ್ನು ಸೋಪು ಹಾಕಿ ತಿಕ್ಕಿ ತೊಳೆದು ಹೊಸ ಮರದ ಹೊಟ್ಟು ತುಂಬಿಸಿದ್ದರು. ಅದೇ ತೊಂದರೆ ಅಂತಾಳೆ ರೇಖಾ. ಇವುಗಳ ಕಣ್ಣು ಅಷ್ಟಕ್ಕಷ್ಟೇ, ಎಲ್ಲಾ ವ್ಯವಹಾರ ವಾಸನೆಯಲ್ಲೇ. ಹೊಟ್ಟೆಯ ಮೇಲೆ ಒಂದು ಗ್ರಂಥಿ ಇದೆ, ಅದನ್ನು ನೆಲಕ್ಕೆ ಉಜ್ಜಿ ತಮ್ಮ ಗುರುತು ಬಿಡುತ್ತವೆ. ಯಾರು ದೊಡ್ಡವಳು, ಯಾವ ಮೂಲೆ ಯಾರದ್ದು ಅನ್ನುವ ಲೆಕ್ಕವೆಲ್ಲ ಆ ವಾಸನೆಯಲ್ಲಿ ಇರುತ್ತದಂತೆ. ತೊಳೆದ ಮೇಲೆ ಲೆಕ್ಕ ಮೊದಲಿಂದ. ಇನ್ನು ಮುಂದೆ ಪಂಜರ ಚೊಕ್ಕ ಮಾಡುವಾಗ ಹಳೇ ಹೊಟ್ಟು ಸ್ವಲ್ಪ ಉಳಿಸಿ ಹೊಸದರ ಜೊತೆ ಬೆರೆಸಬೇಕು. ಚೊಕ್ಕಟ ಅನ್ನುವುದು ನಮ್ಮ ಮೂಗಿಗೆ ಮಾತ್ರ, ಅಲ್ವಾ?

ಚಕ್ರ ಒಂದೇ ಇರುವುದೂ ತಪ್ಪು. ಎಲ್ಲವೂ ಎರಡೆರಡು ಇರಬೇಕು, ಅದೂ ದೂರ ದೂರ. ತಟ್ಟೆ, ನೀರಿನ ಬಾಟಲಿ, ಚಕ್ರ, ಮನೆ. ಮನೆಗೆ ಎರಡು ಬಾಗಿಲು. ಒಂದೇ ಬಾಗಿಲಿದ್ದರೆ ಒಬ್ಬಳು ಅಡ್ಡ ನಿಂತಾಗ ಇನ್ನೊಬ್ಬಳಿಗೆ ಓಡಲು ದಾರಿಯಿಲ್ಲ. ಸಿಂಚು ಆಗಲೇ ಬಿಸ್ಕತ್ತಿನ ಡಬ್ಬಿಗೆ ತೂತು ಕೊರೆಯುತ್ತಾ ಕೂತಿದ್ದಾಳೆ. ನಾಳೆ ಗಣಿತ ಪರೀಕ್ಷೆ ಅವಳಿಗೆ. ಹೇಳಿ ಹೇಳಿ ಸಾಕಾಯಿತು.

ಅವಳಪ್ಪ ಫೋನ್ ಹಿಡಿದು ಓದುತ್ತಾರೆ: ಮಂಗೋಲಿಯಾ ಕಡೆಯ ಪ್ರಾಣಿ, ಕ್ಯಾಂಪ್‌ಬೆಲ್ ಡ್ವಾರ್ಫ್ ಅನ್ನುವ ಕುಳ್ಳ ಜಾತಿ, 1905ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅನ್ನುವ ಪ್ರಾಣಿಶಾಸ್ತ್ರಜ್ಞರು ಹೆಸರಿಟ್ಟಿದ್ದು. ಸಿರಿಯನ್ ಅನ್ನುವ ಇನ್ನೊಂದು ಜಾತಿಯ ಹ್ಯಾಮ್‌ಸ್ಟರ್ ಆದರೆ ದೊಡ್ಡದಾದ ಮೇಲೆ ಒಂಟಿಯಾಗಿಯೇ ಇಡಬೇಕು, ಇವು ಹೊಂದಿಕೊಂಡರೆ ಜೊತೆಗಿರಬಹುದು. ಎಲ್ಲಾ ಸರಿ. ಏಪ್ರಿಲ್ ಬಿಸಿಲಿಗೆ ಏನು ಮಾಡೋಣ ಅಂತ ಕೇಳಿದರೆ ಉತ್ತರವಿಲ್ಲ. ಮಂಗೋಲಿಯಾದ ಪ್ರಾಣಿ, ವಿಜಯನಗರದ ಎರಡನೇ ಮಹಡಿ.

ಅತ್ತೆಯ ಮೊದಲ ಪ್ರಶ್ನೆ ಬೇರೆಯದ್ದೇ ಇತ್ತು. "ಎರಡೂ ಹೆಣ್ಣೇ ಅಂತ ಯಾರು ನೋಡಿದ್ದು?" ನಿಜ. ಬಸುರಿನಿಂದ ಹೆರಿಗೆಗೆ ಮೂರು ವಾರವೂ ಬೇಡ ಇವಕ್ಕೆ. ಹೆತ್ತ ದಿನವೇ ಮತ್ತೆ ಬಸುರಾಗಬಹುದು. ರೇಖಾ ವಿಡಿಯೋ ಕಾಲ್‌ನಲ್ಲಿ ನೋಡಿ ಇಬ್ಬರೂ ಹೆಣ್ಣೇ ಅಂದ ಮೇಲೆ ಎಲ್ಲರಿಗೂ ಉಸಿರು ಬಂತು.

ಆದರೆ ಊಟ ಮಾಡುವಾಗ ಅತ್ತೆ ಕೇಳಿದ್ದು ಇನ್ನೂ ತಲೆಯಲ್ಲಿದೆ. ಮಂಡಿ ನೋವು ಇವತ್ತು ಜಾಸ್ತಿ ಅವರಿಗೆ, ಕುರ್ಚಿಯಲ್ಲೇ ಕೂತು ತಟ್ಟೆ ಹಿಡಿದಿದ್ದರು.

"ಯಾವಾಗ್ಲೂ ಅಂಗಾತ ಬೀಳೋದು ಬೆಲ್ಲಾನೇ ಅಲ್ವೇನೇ?"

ಹೌದು, ಅವಳೇ. ಅವಳು ಸೋಲು ಒಪ್ಪಿಕೊಳ್ಳುವುದರಿಂದಲೇ ಜಗಳ ಅಲ್ಲಿಗೆ ನಿಲ್ಲುತ್ತದೆ ಅಂತ ರೇಖಾ ಹೇಳಿದ್ದನ್ನೇ ಹೇಳಿದೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೂ ತೋರಿಸಿದೆ. ಎಳ್ಳು 36 ಗ್ರಾಂ, ಬೆಲ್ಲ 33. ವಾರ ವಾರ ತೂಗಬೇಕು, ಕೆಳಗಿನವಳಿಗೆ ಊಟ ಸಿಗದಿದ್ದರೆ ತೂಕ ಇಳಿಯುತ್ತದೆ, ಆಗ ಬೇರೆ ಮಾಡೋಣ ಅಂದೆ.

"ತೂಕ ಇಳಿದಿಲ್ಲ ಅಂದ್ರೆ ಸುಖವಾಗಿದೆ ಅಂತಾನಾ?"

ಹನ್ನೊಂದು ಜನರ ಮನೆಗೆ ಸೊಸೆಯಾಗಿ ಬಂದವರು ಅವರು. ನಾನು ಮಾತಾಡಲಿಲ್ಲ. ಅವರೂ ಮಜ್ಜಿಗೆ ಬಡಿಸು ಅಂದರು.

ಬೇರೆ ಮಾಡುವುದು ಸುಲಭ, ಅದೇ ಕಷ್ಟ. ಕೆಲವು ದಿನ ದೂರ ಇಟ್ಟರೆ ವಾಸನೆ ಮರೆತುಹೋಗುತ್ತದೆ. ಮತ್ತೆ ಸೇರಿಸಿದರೆ ಅಪರಿಚಿತರು, ಆಗ ನಿಜವಾಗಿಯೂ ಕಚ್ಚಾಡುತ್ತವೆ. ಒಮ್ಮೆ ಬೇರೆ ಮಾಡಿದರೆ ಶಾಶ್ವತವಾಗಿ ಬೇರೆ ಅಂದುಕೊಂಡೇ ಮಾಡು ಅಂದಿದ್ದಾಳೆ ರೇಖಾ. ಅದಕ್ಕೇ ಇವತ್ತು ಎರಡನೇ ಚಕ್ರ ತರಿಸಲು ಹಾಕಿದ್ದೇನೆ, ಶುಕ್ರವಾರ ಬರುತ್ತದೆ. ಜೊತೆಗೆ, ಯಾರಿಗೂ ಹೇಳಿಲ್ಲ, ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬವನ್ನೂ. ಬೇಕಾಗದೆಯೂ ಇರಬಹುದು. ಚಕ್ರ ಎರಡಾದ ಮೇಲೂ ಎಳ್ಳು ಎರಡನ್ನೂ ತನ್ನದೇ ಅಂದರೆ ಮಾತ್ರ, ಇಲ್ಲಾ ಹಗಲು ಇಬ್ಬರೂ ಬೇರೆ ಬೇರೆ ಮಲಗಲು ಶುರು ಮಾಡಿದರೆ, ಆಗ ಬೇಕಾಗುತ್ತದೆ. ಸಿಂಚುಗೆ ಹೇಗೆ ಹೇಳುವುದೋ.