“ದಿನಾ ನೋವು, ಸಾವು ನೋಡ್ತೀರಲ್ಲ, ಹೇಗೆ ತಡ್ಕೋತೀರಿ ಸಿಸ್ಟರ್?”

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲೇ ಆಗಲಿ, ನಾನು ನರ್ಸ್ ಅಂತ ಗೊತ್ತಾದ ಕೂಡಲೇ ಜನ ಈ ಪ್ರಶ್ನೆ ಕೇಳುತ್ತಾರೆ. ಎಷ್ಟೋ ಸಲ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: “ನಿಮಗೆ ಅಭ್ಯಾಸ ಆಗಿರುತ್ತೆ ಬಿಡಿ.”

ಸೂಜಿ ಹಾಕುವುದು, ರಕ್ತ ನೋಡುವುದು ಅಭ್ಯಾಸವಾಗುತ್ತದೆ, ನಿಜ. ಆದರೆ ಬೆಳಿಗ್ಗೆ “ಕಾಫಿ ಕುಡಿದ್ಯಾ ಮಗಾ” ಅಂತ ಕೇಳಿದ ಅಜ್ಜ ಸಂಜೆ ಹೊತ್ತಿಗೆ ಇಲ್ಲ ಅನ್ನುವುದು ಅಭ್ಯಾಸವಾಗುವಂಥದ್ದಲ್ಲ. ನಾನು ತಡೆದುಕೊಂಡಿರುವುದು ಜೊತೆಗೆ ಡ್ಯೂಟಿ ಮಾಡುವವರಿಂದ. ಅವರು ಸರಿಯಿದ್ದ ವಾರ್ಡಿನಲ್ಲಿ ಎಂಥ ರಾತ್ರಿಯೂ ಕಳೆದಿದೆ. ಅವರು ಸರಿಯಿಲ್ಲದ ಕಡೆ ಖಾಲಿ ವಾರ್ಡೂ ಭಾರವಾಗಿತ್ತು.

ನನ್ನ ಕೆಲಸ ಕೋಲಾರದಲ್ಲಿ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ರೋಗಿಗಳು ಬರುತ್ತಾರೆ. ಚೆನ್ನೈ ಹೈವೇಯಲ್ಲಿ ಅಪಘಾತವಾದರೆ ಯಾವ ಹೊತ್ತಿನಲ್ಲಾದರೂ ಆಂಬುಲೆನ್ಸ್ ಬಂದು ನಿಲ್ಲುತ್ತದೆ. ನರ್ಸ್‌ಗಳಲ್ಲಿ ಕೇರಳದವರಿದ್ದಾರೆ, ವಿಜಯಪುರದ ಕಡೆಯವರಿದ್ದಾರೆ, ಇಲ್ಲೇ ಹುಟ್ಟಿ ಬೆಳೆದವರಿದ್ದಾರೆ. ಗಡಿ ಊರಿನ ಅಜ್ಜಿ ತೆಲುಗಿನಲ್ಲಿ ನೋವು ಹೇಳಿಕೊಂಡರೆ ಹೊಸದಾಗಿ ಬಂದ ಹುಡುಗಿಗೆ ತಲೆಬುಡ ಗೊತ್ತಾಗುವುದಿಲ್ಲ. ಆಗ ತೆಲುಗು ಬಲ್ಲ ಸಿಸ್ಟರ್ ಸುಮ್ನೆ ಪಕ್ಕಕ್ಕೆ ಬಂದು ನಿಂತು ಕೇಳಿ ಹೇಳಬಹುದು. ಇಲ್ಲವೇ “ಇಷ್ಟು ದಿನ ಆದ್ರೂ ಅರ್ಥ ಆಗಲ್ವಾ ನಿಂಗೆ?” ಅಂತ ಎಲ್ಲರ ಮುಂದೆ ಅನ್ನಬಹುದು. ಎರಡಕ್ಕೂ ಹಿಡಿಯುವುದು ಅರ್ಧ ನಿಮಿಷ. ಮರುದಿನ ಆ ಹುಡುಗಿ ಯಾವ ಮನಸ್ಸಿನಿಂದ ಡ್ಯೂಟಿಗೆ ಬರುತ್ತಾಳೆ ಅನ್ನುವುದು ಆ ಅರ್ಧ ನಿಮಿಷದಲ್ಲೇ ತೀರ್ಮಾನವಾಗುತ್ತದೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಬೆಳಿಗ್ಗೆ ಎಂಟು ಗಂಟೆಗೆ, ಹ್ಯಾಂಡೋವರ್ ಹೊತ್ತಿನಲ್ಲಿ, ಅಂದರೆ ಡ್ಯೂಟಿ ಮುಗಿಸಿದವರು ಮುಂದಿನವರಿಗೆ ವಾರ್ಡ್ ಒಪ್ಪಿಸುವಾಗ. ನೈಟ್ ಡ್ಯೂಟಿಯವಳು ಹನ್ನೆರಡು ಗಂಟೆ ಕಾಲ ಮೇಲೆ ನಿಂತಿರುತ್ತಾಳೆ. ಒಂದೊಂದು ಬೆಡ್ ಹತ್ತಿರ ಹೋಗಿ, ಡ್ರಿಪ್ ಯಾವಾಗ ಶುರುವಾಯ್ತು, ಮೂತ್ರ ಎಷ್ಟು ಬಂತು, ಯಾವ ಇಂಜೆಕ್ಷನ್ ಬಾಕಿ, ಯಾರಿಗೆ ರಕ್ತ ಬರಬೇಕು, ಎಲ್ಲ ಹೇಳಬೇಕು. ಕೆಲವರು ಇದನ್ನು ವಿಚಾರಣೆ ಮಾಡಿಬಿಡುತ್ತಾರೆ. “ಈ ಕ್ಯಾನುಲಾ ಯಾಕೆ ಬದಲಾಯಿಸಿಲ್ಲ? ಚಾರ್ಟ್ ಯಾಕೆ ಅರ್ಧ ಇದೆ?” ಅದೂ ರೋಗಿ ಕಡೆಯವರ ಎದುರಿಗೆ. ಇನ್ನು ಕೆಲವರು ಇಷ್ಟೇ ಹೇಳುತ್ತಾರೆ: “ಬಾಕಿ ಏನಿದೆ ಹೇಳಮ್ಮ, ನಾನು ಮಾಡ್ಕೋತೀನಿ. ನೀನು ಬಸ್ ಹಿಡಿ.”

ತಪ್ಪು ಕೇಳಬಾರದು ಅಂತಲ್ಲ. ಕೇಳಲೇಬೇಕು, ರೋಗಿಯ ಜೀವದ ಪ್ರಶ್ನೆ. ಆದರೆ ಅದನ್ನು ಬೆಡ್ ಪಕ್ಕದಲ್ಲಿ ಅಲ್ಲ, ನರ್ಸಿಂಗ್ ಸ್ಟೇಷನ್‌ಗೆ ಬಂದ ಮೇಲೆ, ಮೆತ್ತಗೆ ಕೇಳಬೇಕು. ನಾಲ್ಕು ಜನರ ಮುಂದೆ ಬೈಸಿಕೊಂಡವಳು ಮುಂದಿನ ಸಲ ಡೋಸ್ ಹೆಚ್ಚುಕಮ್ಮಿಯಾದರೆ ಬಾಯಿ ಬಿಡುವುದಿಲ್ಲ. ಅದರ ಪೆಟ್ಟು ಬೀಳುವುದು ರೋಗಿಗೆ.

ಸಾವಿನ ವಿಷಯಕ್ಕೆ ಬರುತ್ತೇನೆ. ಲೇಬರ್ ವಾರ್ಡಿನಲ್ಲಿ ನಮ್ಮ ಒಬ್ಬ ಜೂನಿಯರ್ ಮೊದಲ ಸಲ ಸತ್ತು ಹುಟ್ಟಿದ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅಜ್ಜಿ ಕೈಗೆ ಕೊಡಬೇಕಾಯಿತು. ಕೊಟ್ಟು ಬಂದವಳ ಕೈ ನಡುಗುತ್ತಿತ್ತು. ನಮ್ಮ ಇನ್‌ಚಾರ್ಜ್ ಅಕ್ಕ ಅವಳ ಕೈಯಿಂದ ಕೀ ಗೊಂಚಲು ತೆಗೆದುಕೊಂಡು, “ಹೋಗು, ಮುಖ ತೊಳ್ಕೊಂಡು ಏನಾದ್ರೂ ತಿಂದು ಬಾ, ಇಲ್ಲಿ ನಾನಿರ್ತೀನಿ” ಅಂದರು. ಸಮಾಧಾನದ ಮಾತು ಬೇರೆ ಏನೂ ಆಡಲಿಲ್ಲ. ಒಂದೆರಡು ದಿನ ಬಿಟ್ಟು ಕೇಳಿದರು: “ನಿದ್ದೆ ಬರ್ತಿದೆಯಾ?” ಆ ಹುಡುಗಿ ಅತ್ತಿದ್ದು ಆವಾಗ.

ಅಮೆರಿಕದ ವರ್ಜೀನಿಯಾದಲ್ಲಿ ಜೋನಾಥನ್ ಬಾರ್ಟೆಲ್ಸ್ ಅನ್ನುವ ನರ್ಸ್ ಒಂದು ರೂಢಿ ಶುರುಮಾಡಿದರು. ರೋಗಿ ತೀರಿಕೊಂಡ ಮೇಲೆ ಡಾಕ್ಟರು, ನರ್ಸ್ ಎಲ್ಲರೂ ಹಾಸಿಗೆ ಸುತ್ತ ಒಂದು ನಿಮಿಷ ಮಾತಿಲ್ಲದೆ ನಿಲ್ಲುವುದು. ನಮ್ಮ ಕ್ಯಾಶುವಾಲಿಟಿಯ ಗಲಾಟೆಯಲ್ಲಿ ಅದು ಕಷ್ಟ. ಆದರೂ ಡ್ಯೂಟಿ ಮುಗಿದ ಮೇಲೆ ಐದು ನಿಮಿಷ ಕೂತು, “ಇವತ್ತು ಹಿಂಗಾಯ್ತಲ್ವಾ” ಅಂತ ಮಾತಾಡಿಕೊಂಡು ಹೊರಡುವುದು ನಮ್ಮ ಕೈಲೇ ಇದೆ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟ್ ಅಂದರೆ ಏನು ಅಂತ ವಿವರಿಸಿತು. ಶಕ್ತಿ ಪೂರ್ತಿ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ನನ್ನಿಂದ ಏನೂ ಆಗ್ತಿಲ್ಲ ಅನ್ನಿಸುವುದು. ವಾರ್ಡಿನಲ್ಲಿ ಇದು ಮೊದಲು ಮಾತಿನಲ್ಲಿ ಗೊತ್ತಾಗುತ್ತದೆ. “ಅಜ್ಜಿ, ಮಾತ್ರೆ ತಗೊಂಡ್ರಾ?” ಅನ್ನುತ್ತಿದ್ದವಳು “ಬೆಡ್ ಆರಕ್ಕೆ ಕೊಟ್ಟಾಯ್ತು” ಅನ್ನಲು ಶುರುಮಾಡುತ್ತಾಳೆ. ಅದು ಡಾಕ್ಟರಿಗೋ ಮನೆಯವರಿಗೋ ಕೇಳಿಸುವುದಿಲ್ಲ, ಜೊತೆಯವರಿಗೆ ಕೇಳಿಸುತ್ತದೆ.

ಬ್ರದರ್‌ಗಳ ಬಗ್ಗೆಯೂ ಹೇಳಬೇಕು. ಗಂಡು ನರ್ಸ್‌ಗಳು ಅಳುವುದಿಲ್ಲ ಅಂತ ನಾವೇ ಅಂದುಕೊಂಡಿರುತ್ತೇವೆ. ಅವರನ್ನೂ ಚಹಾಕ್ಕೆ ಕರೆಯಿರಿ.

ಡ್ಯೂಟಿ ಲಿಸ್ಟ್‌ನಿಂದ ಹುಟ್ಟುವ ಜಗಳ ಎಲ್ಲ ಕಡೆ ಇದೆ. ಯುಗಾದಿಗೆ ಒಬ್ಬರು, ರಂಜಾನಿಗೆ ಒಬ್ಬರು, ಕ್ರಿಸ್‌ಮಸ್ಸಿಗೆ ಒಬ್ಬರು ಅಂತ ಮೊದಲೇ ಮಾತಾಡಿಕೊಂಡರೆ ಅರ್ಧ ಮುಗಿಯುತ್ತದೆ.

ಹಾಗಂತ ಎಲ್ಲವನ್ನೂ ನಮ್ಮ ನಮ್ಮ ಒಳ್ಳೆಯತನದ ಮೇಲೆ ಹಾಕಬೇಡಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್, ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ಇದ್ದರೆ, ಅವಳ ಕೈಯಿಂದ ಕೀ ತೆಗೆದುಕೊಳ್ಳುವವರು ಯಾರು? ಮೇ 12ರ ದಾದಿಯರ ದಿನದ ಕೇಕ್ ನನಗೂ ಇಷ್ಟ. ಅದಕ್ಕಿಂತ ಮೊದಲು ಖಾಲಿ ಹುದ್ದೆ ತುಂಬಬೇಕು.

ಗೆಳತಿಯರ ಕೈ ಮೀರಿದ ಸಮಯವೂ ಬರುತ್ತದೆ. ಅದಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ರಾತ್ರಿ ಹೊತ್ತೂ ಸಿಗುತ್ತಾರೆ. ನಮ್ಮ ಜೊತೆಯ ಒಬ್ಬಳಿಗೆ ಫೋನ್ ಮಾಡಲು ಹೇಳಿ, ಅವಳು ಮಾತಾಡಿ ಮುಗಿಸುವ ತನಕ ಅವಳ ರೋಗಿಗಳನ್ನು ನಾವಿಬ್ಬರು ನೋಡಿಕೊಂಡೆವು. ಆಮೇಲೆ ಅವಳು ಡಾಕ್ಟರನ್ನೂ ಕಂಡಳು. ಈ ತಿಂಗಳು ಅವಳದೂ ನನ್ನದೂ ಒಂದೇ ಶಿಫ್ಟ್.