ಯುದ್ಧ ಇಲ್ಲದಾಗ ನಿಮಗೇನು ಕೆಲಸ?

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಬೆಳಿಗ್ಗೆ ವಾಕಿಂಗ್ ಹೋದಾಗ ಸೇನೆಯ ಭರ್ತಿಗೆ ತಯಾರಿ ಮಾಡುವ ಹುಡುಗರು ಸಿಗುತ್ತಾರೆ. ನಾನು ಮಿಲಿಟರಿಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದೆ ಅಂತ ಗೊತ್ತಾದ ಕೂಡಲೇ ಕೇಳುತ್ತಾರೆ: "ಅಂಕಲ್, ಯುದ್ಧ ಇಲ್ಲದಾಗ ನಿಮಗೇನು ಕೆಲಸ ಇರ್ತಿತ್ತು?" ಮದುವೆ ಮನೆಗೆ ಹೋದರೆ ನೆಂಟರದ್ದೂ ಇದೇ ಪ್ರಶ್ನೆ.

ನಮಗೆ ಕೆಲಸ ಜಾಸ್ತಿ ಇರುತ್ತಿದ್ದದ್ದೇ ಆಗ.

ಬೇಸ್‌ನಲ್ಲಿ ನಮ್ಮ ಜಾಗಕ್ಕೆ ಎಂ.ಐ. ರೂಮ್, ಅಂದರೆ ಮೆಡಿಕಲ್ ಇನ್‌ಸ್ಪೆಕ್ಷನ್ ರೂಮ್ ಅನ್ನುತ್ತಾರೆ. ಬೆಳಿಗ್ಗೆ ಸಿಕ್ ರಿಪೋರ್ಟ್, ಅಂದರೆ ಹುಷಾರಿಲ್ಲದವರು ಬಂದು ತೋರಿಸಿಕೊಳ್ಳುವ ಹೊತ್ತು. ಜ್ವರ, ಉಳುಕು, ಬೊಬ್ಬೆ ಬಂದ ಕಾಲು, ಎಲ್ಲ ಅಲ್ಲಿಗೇ ಬರುತ್ತವೆ. ಇದು ಎಲ್ಲರಿಗೂ ಕಾಣುವ ಕೆಲಸ. ಆಮೇಲೆ ಹೊರಗೆ ಹೊರಡಬೇಕು. ಕುಡಿಯುವ ನೀರಿನಲ್ಲಿ ಕ್ಲೋರಿನ್ ಸರಿಯಾಗಿದೆಯಾ ನೋಡಬೇಕು. ಅಡುಗೆಯವರ ಕೈ, ಉಗುರು ನೋಡಬೇಕು. ಎಲ್ಲಿ ನೀರು ನಿಂತಿದೆ, ಯಾರು ಸೊಳ್ಳೆಪರದೆ ಕಟ್ಟದೆ ಮಲಗುತ್ತಾರೆ ಅಂತ ಹುಡುಕಬೇಕು.

ಸೊಳ್ಳೆಪರದೆಗೆ ಇಷ್ಟು ಗಲಾಟೆ ಯಾಕೆ ಅಂತ ಕೇಳುವವರಿಗೆ ನಾನು ಎರಡನೇ ಮಹಾಯುದ್ಧದ ಬರ್ಮಾ ಕಾಳಗದ ಲೆಕ್ಕ ಹೇಳುತ್ತೇನೆ. 1943ರಲ್ಲಿ ಅಲ್ಲಿ ಗಾಯಗೊಂಡು ಹಿಂದಕ್ಕೆ ಬಂದ ಒಬ್ಬ ಸೈನಿಕನಿಗೆ, ಕಾಯಿಲೆ ಬಿದ್ದು ಬಂದವರು 120 ಜನ. ಇದನ್ನು ಬರೆದಿಟ್ಟವರು ಅಲ್ಲಿ ಸೇನೆ ನಡೆಸಿದ ಬ್ರಿಟಿಷ್ ಜನರಲ್ ಸ್ಲಿಮ್. ಮುಖ್ಯ ಶತ್ರು ಮಲೇರಿಯಾ. ಆಮೇಲೆ ದಿನಾ ಸಾಲು ನಿಲ್ಲಿಸಿ ಮಾತ್ರೆ ನುಂಗಿಸಿದರು. ಜ್ವರ ಬಂದವರನ್ನು ನೂರಾರು ಮೈಲಿ ಹಿಂದಕ್ಕೆ ಕಳಿಸದೆ ಮುಂಚೂಣಿಯ ಹತ್ತಿರವೇ ಮಲಗಿಸಿ ವಾಸಿ ಮಾಡಿದರು. ತನ್ನ ಪಡೆಗೆ ಮಾತ್ರೆ ಸರಿಯಾಗಿ ನುಂಗಿಸದ ಅಧಿಕಾರಿಗಳನ್ನು ಸ್ಲಿಮ್ ಕೆಲಸದಿಂದಲೇ ತೆಗೆದರು. ಕಾಯಿಲೆ ಇಳಿಯಿತು.

ನಮ್ಮ ಆರ್ಮಿ ಮೆಡಿಕಲ್ ಕೋರ್ ಹುಟ್ಟಿದ್ದೂ ಅದೇ ವರ್ಷ, 1943ರ ಏಪ್ರಿಲ್ 3ರಂದು. ಅದುವರೆಗೆ ಬೇರೆ ಬೇರೆಯಾಗಿದ್ದ ವೈದ್ಯರು, ಸಹಾಯಕರು, ಆಸ್ಪತ್ರೆ ಸಿಬ್ಬಂದಿ ಒಂದೇ ಪಡೆಯಾದರು. ನಮ್ಮ ಧ್ಯೇಯವಾಕ್ಯ 'ಸರ್ವೇ ಸಂತು ನಿರಾಮಯಾಃ'. ಎಲ್ಲರೂ ಕಾಯಿಲೆ ಇಲ್ಲದೆ ಇರಲಿ ಅಂತ. ಗಾಯ ವಾಸಿಯಾಗಲಿ ಅಂತ ಅಲ್ಲ, ನೋಡಿ.

ಹಾಗಂತ ಯುದ್ಧದ ಕೆಲಸ ಸಣ್ಣದಲ್ಲ. ಗಾಯಾಳುವಿಗೆ ಮೊದಲ ಪಟ್ಟಿ ಪಲ್ಟನ್ನಿನ ಡಾಕ್ಟರ ಹತ್ತಿರ, ಆಮೇಲೆ ಫೀಲ್ಡ್ ಆಸ್ಪತ್ರೆ, ಕೊನೆಗೆ ಬೇಸ್ ಆಸ್ಪತ್ರೆ. ಕೊರಿಯಾ ಯುದ್ಧಕ್ಕೆ ಭಾರತ ಕಳಿಸಿದ್ದು ಕಾದಾಡುವ ಪಡೆಯನ್ನಲ್ಲ, '60 ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್' ಅನ್ನೋ ವೈದ್ಯಕೀಯ ಘಟಕವನ್ನು. ಅದರ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. 2023ರಲ್ಲಿ ಟರ್ಕಿಯಲ್ಲಿ ಭೂಕಂಪವಾದಾಗ ಹೋಗಿ ಆಸ್ಪತ್ರೆ ಹಾಕಿದ್ದೂ ಅದೇ ಘಟಕ. ಹೇಳುವಾಗ ಈಗಲೂ ಎದೆ ಉಬ್ಬುತ್ತದೆ.

ಆದರೆ ನನಗೆ ಹೆಚ್ಚು ನೆನಪಾಗುವುದು ಲಡಾಖ್‌ನ ಲೇಹ್. ಅದು ಸುಮಾರು 11,500 ಅಡಿ ಎತ್ತರ. ನಮ್ಮ ದಾವಣಗೆರೆ 2,000 ಅಡಿ ಅಷ್ಟೇ. ಅಲ್ಲಿನ ತೆಳು ಗಾಳಿಗೆ ಮೈ ಒಗ್ಗಬೇಕು, ಅದಕ್ಕೇ ವಿಮಾನದಲ್ಲಿ ಬಂದಿಳಿದವನನ್ನು ಆರು ದಿನ ಕೆಲಸಕ್ಕೆ ಹಚ್ಚುವಂತಿಲ್ಲ. ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಆಮೇಲೆ ನಿಧಾನಕ್ಕೆ ನಡಿಗೆ. ಹುಷಾರಾಗಿರುವ ಹುಡುಗನನ್ನು ಸುಮ್ನೆ ಮಲಗಿಸುವುದು ಎಷ್ಟು ಕಷ್ಟ ಗೊತ್ತಾ? ಚಳ್ಳಕೆರೆ ಕಡೆಯ ಒಬ್ಬ ಹುಡುಗ ಎರಡನೇ ದಿನವೇ ವಾಲಿಬಾಲ್ ಆಡಿಬಿಟ್ಟ. ತಲೆನೋವು, ಕೆಮ್ಮು ಬಂದರೂ ಹೇಳಲಿಲ್ಲ. ವಾಪಸ್ ಕಳಿಸುತ್ತಾರೆ ಅನ್ನೋ ಹೆದರಿಕೆ. ರಾತ್ರಿ ಅವನ ಉಸಿರು ಗೊರಗೊರ ಅನ್ನುತ್ತಿತ್ತು, ತುಟಿ ನೀಲಿಯಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬುವ ಆ ಕಾಯಿಲೆಗೆ ನಾವು ಹ್ಯಾಪೋ ಅನ್ನುತ್ತೇವೆ. ತಡಮಾಡಿದರೆ ಜೀವ ಹೋಗುತ್ತದೆ. ಆಕ್ಸಿಜನ್ ಹಾಕಿ, ಆಸ್ಪತ್ರೆಗೆ ಸಾಗಿಸಿ, ಬೆಳಗಿನವರೆಗೂ ಅವನ ಪಕ್ಕ ಕೂತಿದ್ದೆ. "ಅಣ್ಣಾ, ಮನೆಗೆ ಹೇಳಬೇಡಿ" ಅಂತ ಕನ್ನಡದಲ್ಲಿ ಅಂದ. ಬದುಕಿದ. ಅವತ್ತಿನಿಂದ ಹೊಸಬರು ಬಂದರೆ ರಾತ್ರಿ ಊಟ ಆದ ಮೇಲೆ ನಾನೇ ಬ್ಯಾರಕ್‌ಗೆ ಹೋಗಿ ಯಾರು ಕೆಮ್ಮುತ್ತಾರೆ ಅಂತ ಕೇಳಿಸಿಕೊಳ್ಳುತ್ತಿದ್ದೆ.

ಮೊನ್ನೆ ಮೈದಾನದಲ್ಲಿ ಒಬ್ಬ ಹುಡುಗ ಕುಂಟುತ್ತಿದ್ದ. ಏನಿಲ್ಲ ಅಂಕಲ್ ಅಂದ. ಕೂರಿಸಿ ಶೂ ಬಿಚ್ಚಿಸಿದೆ. ಹಿಮ್ಮಡಿಯ ಬೊಬ್ಬೆ ಒಡೆದು ಕೀವಾಗಿತ್ತು, ಸಾಕ್ಸ್ ಒದ್ದೆ. ತೊಳೆದು ಪಟ್ಟಿ ಕಟ್ಟಿದೆ. ನಾಲ್ಕು ದಿನ ಓಡಬೇಡ ಅಂದಿದ್ದೇನೆ. ನಾಳೆ ಬೆಳಿಗ್ಗೆ ಹೋಗಿ ನೋಡಬೇಕು.